ಅರಣ್ಯ ನಿರ್ವಹಣೆಯ ಉನ್ನತ ವ್ಯಾಸಂಗವೂ ಗ್ರಾಮಗಳ ಹಿತವೂ

ವ್ಯವಸಾಯ ಮಾಡತಕ್ಕವನು ತನ್ನ ಹೊಲಗದ್ದೆಗಳ ಲೆಕ್ಕವನ್ನು ಚೆನ್ನಾಗಿ ಬಲ್ಲನು. ಎಷ್ಟು ಬೀಜ ಬಿತ್ತಿದರೆ ಎಷ್ಟು ಕಾಳು ಬಂದೀತು, ಎಷ್ಟು ಗಾಡಿ ಗೊಬ್ಬರ ಬೇಕಾದೀತು, ಎಷ್ಟು ಆಳಿನ ಕೂಲಿ ತಗಲೀತು ಎಂಬುದನ್ನು ಓದುಬರಹವಿಲ್ಲದ ರೈತನೂ ಬೆರಳೆಣಿಸಿ ಹೇಳಬಲ್ಲನು. ಆದರೆ ಅದೇ ಹೊಲದ ಬದುವಿನಿಂದಾಚೆಗೆ ಇರುವ ಬೆಟ್ಟ, ಕಾನು, ಗೋಮಾಳ, ಗುಂಡುತೋಪುಗಳ ಲೆಕ್ಕವನ್ನು ಕೇಳಿದರೆ, ‘ಹಿರಿಯರ ಕಾಲದಿಂದಲೂ ಇದೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರವು ದೊರೆಯುವುದು ಅಪೂರ್ವ. ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ಮನೆಗೆ ತೊಲೆ ಜಂತಿ, ದನಕ್ಕೆ ಮೇವು, ಕೆರೆಬಾವಿಗಳಿಗೆ ನೀರು, ಇವೆಲ್ಲವೂ ಆ ನೆಲದಿಂದಲೇ ಬರತಕ್ಕವು. ಅಲ್ಲಿಂದ ಎಷ್ಟು ತಂದೆವೆಂಬುದು ಅಲ್ಪಸ್ವಲ್ಪ ತಿಳಿದಿರಬಹುದು. ಅಲ್ಲಿ ಎಷ್ಟು ಬೆಳೆಯಿತೆಂಬುದು ಮಾತ್ರ ಯಾರಿಗೂ ತಿಳಿಯದು.

ಬೆಳೆದುದೆಷ್ಟು, ತೆಗೆಯಬಹುದಾದುದೆಷ್ಟು, ಉಳಿಸತಕ್ಕುದೆಷ್ಟು ಎಂಬ ಈ ಲೆಕ್ಕವನ್ನು ಕಲಿಸುವ ವಿದ್ಯೆಯೊಂದಿರುವುದು. ಅರಣ್ಯವನ್ನೂ ಅದರ ಸುತ್ತಣ ಸಮಸ್ತ ನಿಸರ್ಗವನ್ನೂ ಕುಂದದಂತೆ ನಿರ್ವಹಿಸುವ ಈ ವಿದ್ಯೆಯನ್ನು ವಿಶ್ವವಿದ್ಯಾಲಯಗಳಲ್ಲಿ ಪದವಿಯ ಮೇಲಣ ಎರಡು ವರ್ಷಗಳ ವ್ಯಾಸಂಗವಾಗಿ ಬೋಧಿಸುವರು. ಅದು ಪಟ್ಟಣದ ವಿದ್ಯಾವಂತರಿಗೆ ಸೇರಿದುದೆಂದು ಭಾವಿಸಿ ಗ್ರಾಮಸ್ಥರು ಸುಮ್ಮನಿರುವುದುಂಟು. ಈ ಭಾವನೆಯು ಸರಿಯಲ್ಲವೆಂಬುದನ್ನೂ, ಆ ವಿದ್ಯೆಯಿಂದ ಹಳ್ಳಿಗಳಿಗೇ ಹೆಚ್ಚು ಪ್ರಯೋಜನವಿರುವುದನ್ನೂ ಮುಂದೆ ವಿವರಿಸಲಾಗಿದೆ.

೧. ಈ ವಿದ್ಯೆಯು ಹುಟ್ಟಿದ ಬಗೆ

ಈ ವಿದ್ಯೆಯು ಹುಟ್ಟಿದುದು ಸಮೃದ್ಧಿಯಿಂದಲ್ಲ, ಕೊರತೆಯಿಂದ. ಜರ್ಮನಿ ದೇಶದ ಸ್ಯಾಕ್ಸನಿ ಪ್ರಾಂತದಲ್ಲಿ ಬೆಳ್ಳಿಯ ಗಣಿಗಳಿದ್ದುವು. ಅದುರನ್ನು ಕರಗಿಸುವುದಕ್ಕೆ ಇದ್ದಲೂ, ಸುರಂಗಗಳಿಗೆ ಆಸರೆಯ ಕಂಬಗಳೂ ಅಪಾರವಾಗಿ ಬೇಕಾಗುತ್ತಿದ್ದುವು. ಸುತ್ತಲಿನ ಕಾಡುಗಳು ವರ್ಷೇ ವರ್ಷೇ ಕ್ಷೀಣಿಸುತ್ತ ಬಂದು, ನೆಲದೊಳಗೆ ಬೆಳ್ಳಿಯಿದ್ದರೂ ಅದನ್ನು ಕರಗಿಸಲು ಸೌದೆಯಿಲ್ಲದ ದಿನ ಬರುವಂತೆ ಕಂಡಿತು. ಆ ಗಣಿಗಳ ಆಡಳಿತದಲ್ಲಿ ಹಿರಿಯ ಅಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತನು ೧೭೧೩ನೆಯ ಇಸವಿಯಲ್ಲಿ ಅರಣ್ಯಕೃಷಿಯನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿ, ಮರವನ್ನು ಬಳಸುವುದು ನಿರಂತರವಾಗಿ ಬಾಳುವ ರೀತಿಯಲ್ಲಿರಬೇಕೆಂದು ವಾದಿಸಿದನು. ಇಂದು ಲೋಕದಲ್ಲೆಲ್ಲ ಕೇಳಿಬರುವ ‘ಸುಸ್ಥಿರ’ವೆಂಬ ಮಾತಿನ ಮೂಲವನ್ನು ವಿದ್ವಾಂಸರು ಆ ಗ್ರಂಥದಲ್ಲಿ ಗುರುತಿಸುವರು. ಅದೇ ಸ್ಯಾಕ್ಸನಿಯ ಥಾರಾಂಟ್ ಎಂಬಲ್ಲಿಗೆ ಹೈನ್‌ರಿಚ್ ಕೊಟ್ಟಾ ಎಂಬ ಅರಣ್ಯಪಂಡಿತನು ೧೮೧೧ರಲ್ಲಿ ತನ್ನ ಅರಣ್ಯಶಾಲೆಯನ್ನು ತಂದು ನೆಲೆಗೊಳಿಸಲು, ೧೮೧೬ರಲ್ಲಿ ಅದು ಅಲ್ಲಿನ ಸರ್ಕಾರದ ವಿದ್ಯಾಲಯವಾಯಿತು.

ಭರತಖಂಡಕ್ಕೆ ಈ ಶಾಸ್ತ್ರವನ್ನು ತಂದವರಲ್ಲಿ ಮುಖ್ಯನಾದವನು ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್. ಈತನು ೧೮೫೬ರಲ್ಲಿ ಬರ್ಮಾ ದೇಶದ ಪೆಗು ಪ್ರಾಂತದ ತೇಗದ ಕಾಡುಗಳ ಅಧಿಕಾರವನ್ನು ವಹಿಸಿಕೊಂಡನು. ೧೮೬೪ರಲ್ಲಿ ಇಂಡಿಯಾ ದೇಶದ ಮೊದಲನೆಯ ಅರಣ್ಯ ಮಹಾಪರೀಕ್ಷಕನಾದನು. ೧೮೭೮ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆಯೂ, ೧೯೦೬ರಲ್ಲಿ ಅಲ್ಲಿಯೇ ಅರಣ್ಯ ಸಂಶೋಧನಾಲಯವೂ ಏರ್ಪಟ್ಟುವು. ಆ ಸಂಶೋಧನಾಲಯಕ್ಕೆ ೧೯೯೧ರಲ್ಲಿ ವಿಶ್ವವಿದ್ಯಾಲಯದ ಅಂತಸ್ತು ದೊರೆಯಿತು.

ಆದರೆ ಆ ಕಾಲದ ಶಾಸ್ತ್ರಕ್ಕೆ ಒಂದು ಕೊರತೆಯಿತ್ತು. ಅದು ಮರವನ್ನು ಅಳೆಯಿತು. ಮರದ ಕೆಳಗೆ ಬಾಳುತ್ತಿದ್ದ ಜನರನ್ನು ಗಮನಿಸಲಿಲ್ಲ. ೧೮೭೮ರ ಅರಣ್ಯ ಕಾನೂನಿನಂತೆ ಅನೇಕ ಕಾಡುಗಳು ಕಾದಿಟ್ಟ ಅರಣ್ಯಗಳಾಗಿ, ಹಳ್ಳಿಗರ ವಾಡಿಕೆಯ ಹಕ್ಕುಗಳು ಸಂಕುಚಿತವಾದುವು. ಈ ಕೊರತೆಯನ್ನು ತುಂಬಿಕೊಂಡುದರಿಂದಲೇ ಇಂದಿನ ವ್ಯಾಸಂಗಕ್ಕೆ ‘ಅರಣ್ಯ’ವೆಂಬುದರೊಡನೆ ‘ನಿಸರ್ಗ’ವೆಂಬ ಮಾತೂ ಸೇರಿರುವುದು.

೨. ಅಸಲು ಬಡ್ಡಿಗಳ ಲೆಕ್ಕ

ಬ್ರಾಂಡಿಸನು ಪೆಗುವಿನಲ್ಲಿ ಅನುಸರಿಸಿದ ಕ್ರಮವನ್ನು ಅರಿತರೆ ಈ ವಿದ್ಯೆಯ ತಿರುಳನ್ನೇ ಅರಿತಂತೆ. ಆತನು ಕಾಡಿನಲ್ಲಿ ನಿಶ್ಚಿತ ಸಾಲುಗಳನ್ನು ಹಿಡಿದು ಸಾಗುತ್ತ, ಎದುರಾದ ತೇಗದ ಮರಗಳನ್ನು ಸುತ್ತಳತೆಯ ಪ್ರಕಾರ ವರ್ಗಗಳಾಗಿ ವಿಂಗಡಿಸಿ ಎಣಿಸಿದನು. ಎರಡನೆಯ ವರ್ಗದಿಂದ ಬೆಳೆದು ಒಂದನೆಯ ವರ್ಗಕ್ಕೆ ಬರುವ ಮರಗಳೆಷ್ಟೋ, ಒಂದನೆಯ ವರ್ಗದಲ್ಲಿ ಅಷ್ಟನ್ನು ಮಾತ್ರ ಕಡಿಯತಕ್ಕದ್ದು ಎಂಬುದು ಆತನ ಸೂತ್ರ.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಊರಿನ ಕಾಡಿನಲ್ಲಿ ೬ ಅಡಿಗೆ ಮೇಲ್ಪಟ್ಟ ಸುತ್ತಳತೆಯ ಮರಗಳು ೬೦ ಇರುವುವೆಂದು ಇಟ್ಟುಕೊಳ್ಳಬೇಕು. ೪ ೧/೨ ಅಡಿಯಿಂದ ೬ ಅಡಿಯವರೆಗಿನ ಮರಗಳು ೯೦ ಇವೆ. ಈ ಎರಡನೆಯ ವರ್ಗದ ಮರವು ಒಂದನೆಯ ವರ್ಗಕ್ಕೆ ಏರಲು ೩೦ ವರ್ಷ ಬೇಕು. ಅಷ್ಟರಲ್ಲಿ ಗಾಳಿ, ಹುಳು, ಬೆಂಕಿಗಳಿಂದ ೧೫ ಮರಗಳು ನಷ್ಟವಾದರೆ ಉಳಿಯುವುವು ೭೫. ಎಂದರೆ ೩೦ ವರ್ಷಗಳಲ್ಲಿ ೭೫ ಮರಗಳು ಬಲಿತು ಬರುವುವು. ಎರಡು ವರ್ಷಕ್ಕೆ ೫ ಮರಗಳಾದುವು. ಇದೇ ಆ ಕಾಡಿನ ಬಡ್ಡಿ.

ಆ ಊರಿನವರು ಎರಡು ವರ್ಷಕ್ಕೆ ಐದರ ಬದಲಾಗಿ ವರ್ಷಕ್ಕೆ ಐದು ಮರಗಳನ್ನು ಕಡಿದರೆಂದು ಭಾವಿಸಿದರೆ, ೧೦ ವರ್ಷಗಳಾದ ಮೇಲೆ ದೊಡ್ಡ ಮರಗಳು ೩೫ ಉಳಿಯುವುವು. ನೋಡುವವರ ಕಣ್ಣಿಗೆ ಕಾಡು ಇನ್ನೂ ಕಾಡಾಗಿಯೇ ಕಾಣುವುದು, ಊರಿನವರು ನಿಶ್ಚಿಂತರಾಗಿರುವರು. ೨೪ನೆಯ ವರ್ಷಕ್ಕೆ ದೊಡ್ಡ ಮರ ಒಂದೂ ಉಳಿಯದು. ಆಗ ಜನರು ಕಾಡು ಥಟ್ಟನೆ ಹಾಳಾಯಿತೆಂದು ವ್ಯಥೆಪಡುವರು. ಆದರೆ ಅದು ಥಟ್ಟನೆ ಆದುದಲ್ಲ. ಮೊದಲನೆಯ ವರ್ಷದಲ್ಲಿಯೇ ಅಸಲಿಗೆ ಕೈಹಾಕಿದಂತಾಗಿತ್ತು. ಸಾಲಗಾರನ ಮನೆ ಮುಳುಗುವುದೂ ಹೀಗೆಯೇ ಅಲ್ಲವೆ?

ಇನ್ನೊಂದು ಅಪಾಯವು ಇದಕ್ಕಿಂತಲೂ ಗುಪ್ತವಾದುದು. ಎರಡನೆಯ ವರ್ಗದ ಕೆಳಗೆ ಎಳೆಯ ಮರಗಳೂ, ಅವುಗಳ ಕೆಳಗೆ ಸಸಿಗಳೂ ಇರಬೇಕು. ದನಗಳು ಸಸಿಯನ್ನು ಮೇದು, ಬೇಸಗೆಯ ಬೆಂಕಿ ಮಿಕ್ಕುದನ್ನು ಸುಟ್ಟು, ಕಾಡಿನಲ್ಲಿ ಹಳೆಯ ಮರಗಳು ಮಾತ್ರ ನಿಂತಿದ್ದರೆ, ಅದು ಮುದುಕರು ಮಾತ್ರ ಉಳಿದಿರುವ ಮನೆಯಂತೆ. ತಲೆಯೆತ್ತಿ ನೋಡಿದವರಿಗೆ ಹಸುರು ಕಾಣುವುದು. ತಲೆ ಬಗ್ಗಿಸಿ ನೆಲವನ್ನು ನೋಡಿದವರಿಗೆ ಮಾತ್ರ ಸತ್ಯವು ತಿಳಿಯುವುದು. ಅರಣ್ಯವಿದ್ಯಾರ್ಥಿಗೆ ಕಲಿಸುವ ಮೊದಲನೆಯ ಅಭ್ಯಾಸವೇ ಈ ತಲೆ ಬಗ್ಗಿಸಿ ನೋಡುವುದು.

೩. ಎರಡು ವರ್ಷಗಳಲ್ಲಿ ಕಲಿಸುವ ವಿಷಯಗಳು

ಈ ವ್ಯಾಸಂಗದಲ್ಲಿ ಮೊದಲನೆಯದು ಮಾಪನ. ವಿದ್ಯಾರ್ಥಿಯು ಕಾಡನ್ನೆಲ್ಲ ಎಣಿಸಲಾರನು. ಆದುದರಿಂದ ಅಲ್ಲಲ್ಲಿ ಮಾದರಿಯ ತುಂಡುಗಳನ್ನು ಗುರುತಿಸುವನು. ಒಂದೊಂದು ಮಗ್ಗುಲೂ ೨೦ ಮೀಟರು ಉಳ್ಳ ಚೌಕವು ಹೆಚ್ಚುಕಡಿಮೆ ಎಕರೆಯ ಹತ್ತನೆಯ ಒಂದು ಭಾಗ. ಅಂತಹ ಹತ್ತು ಚೌಕಗಳನ್ನು ಅಳೆದರೆ ಒಂದು ಎಕರೆಯನ್ನು ಅಳೆದಂತಾಗುವುದು. ನೆಲದಿಂದ ೪ ೧/೨ ಅಡಿ ಎತ್ತರದಲ್ಲಿ, ಎಂದರೆ ಎದೆಯ ಮಟ್ಟದಲ್ಲಿ, ಪ್ರತಿ ಮರದ ಸುತ್ತಳತೆಯನ್ನೂ ಹಿಡಿದು ಬರೆದುಕೊಳ್ಳುವನು. ಚೌಕದೊಳಗೆ ಚಿಕ್ಕ ಚೌಕಗಳನ್ನು ಮಾಡಿ ಸಸಿಗಳನ್ನು ಜಾತಿವಾರು ಎಣಿಸುವನು. ಈಚಿನ ಕಾಲದಲ್ಲಿ ಉಪಗ್ರಹಗಳಿಂದ ತೆಗೆದ ಚಿತ್ರಗಳು ದೊರೆಯುತ್ತಿದ್ದು, ಕಾಡಿನ ವಿಸ್ತಾರವನ್ನು ಕುಳಿತಲ್ಲಿಯೇ ಅರಿಯಬಹುದಾದರೂ, ಆ ಚಿತ್ರದಲ್ಲಿ ಮರದ ನೆತ್ತಿ ಕಾಣುವುದೇ ಹೊರತು ಅದರ ಕೆಳಗಣ ಸಸಿ ಕಾಣುವುದಿಲ್ಲ. ಆದಕಾರಣ ಕಾಲ್ನಡಿಗೆಯ ಅಳತೆಯು ಇಂದಿಗೂ ತಪ್ಪಿಲ್ಲ.

ಎರಡನೆಯದು ಮರ ಬೆಳೆಸುವ ಶಾಸ್ತ್ರ: ಬೀಜದ ಆಯ್ಕೆ, ಸಸಿಮಡಿ, ನೆರಳು ಬಿಸಿಲುಗಳ ಹದ, ಒತ್ತಾದ ಮರಗಳನ್ನು ತೆಳುವಾಗಿಸುವ ಕ್ರಮ, ಹೊಲದ ಬೆಳೆಯೊಡನೆ ಮರವನ್ನು ಬೆಳೆಸುವ ರೀತಿ. ಮೂರನೆಯದು ಮಣ್ಣು ನೀರುಗಳ ಸಂಬಂಧ: ತರಗೆಲೆ ಮುಚ್ಚಿದ ನೆಲವು ಮಳೆಯನ್ನು ಹೇಗೆ ಹೀರುವುದು, ಬೋಳು ನೆಲವು ಅದನ್ನು ಹೇಗೆ ಹರಿಯಗೊಟ್ಟು ಕೆರೆಗೆ ಹೂಳನ್ನು ತುಂಬುವುದು ಎಂಬುದು. ನಾಲ್ಕನೆಯದು ಪ್ರಾಣಿ, ಪಕ್ಷಿ, ಕೀಟಗಳ ಜೀವನ. ಐದನೆಯದು ಅರ್ಥಶಾಸ್ತ್ರ, ಇದರಲ್ಲಿ ಮರದ ಬೆಲೆ ಮಾತ್ರವಲ್ಲದೆ, ಜೇನು, ಸೀಗೆ, ನೆಲ್ಲಿ, ಉಪ್ಪಾಗೆ ಮೊದಲಾದ ಕಿರು ಉತ್ಪನ್ನಗಳ ಬೆಲೆಯನ್ನೂ, ಕಾಡಿನಿಂದ ಇಳಿದುಬರುವ ನೀರಿನ ಬೆಲೆಯನ್ನೂ ಗಣಿಸುವುದನ್ನು ಕಲಿಸುವರು. ಆರನೆಯದು ಕಾನೂನು ಮತ್ತು ಜನರ ಹಕ್ಕು. ೧೯೨೭ರ ಭಾರತ ಅರಣ್ಯ ಕಾನೂನು, ೧೯೬೩ರ ಕರ್ನಾಟಕ ಅರಣ್ಯ ಕಾನೂನು, ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನು, ೧೯೮೦ರ ಅರಣ್ಯ ಸಂರಕ್ಷಣೆಯ ಕಾನೂನು, ೨೦೦೬ರ ಅರಣ್ಯ ಹಕ್ಕುಗಳ ಕಾನೂನು, ಇವುಗಳ ಪರಿಚಯವು ಈ ವಿದ್ಯೆಗೆ ಅವಶ್ಯ.

ಕಡೆಯ ಭಾಗದಲ್ಲಿ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಕಾಡಿನಲ್ಲಿ ತಾನೇ ಅಳತೆಗಳನ್ನು ನಡೆಸಿ, ಪ್ರಬಂಧವನ್ನು ಬರೆಯಬೇಕು. ಪುಸ್ತಕದಿಂದ ಕಲಿತುದು ನಿಜವಾಗಿ ಪರೀಕ್ಷೆಗೆ ಬರುವುದು ಇಲ್ಲಿಯೇ. ಇಂತಹ ಪ್ರಶ್ನೆಗಳು ಹಳ್ಳಿಯ ಬಾಳಿಗೆ ಎಷ್ಟು ಸಮೀಪವಾಗಿರಬಲ್ಲುವೆಂಬುದು ಮುಂದಿನ ಎರಡು ನಿದರ್ಶನಗಳಿಂದ ತಿಳಿಯುವುದು.

೪. ಮೊದಲನೆಯ ನಿದರ್ಶನ: ಸೊಪ್ಪಿನ ಬೆಟ್ಟ

ಮಲೆನಾಡಿನ ಅಡಕೆ ತೋಟಗಳು ಸೊಪ್ಪಿನ ಬೆಟ್ಟಗಳ ಆಧಾರದ ಮೇಲೆ ನಿಂತಿರುವುವು. ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ೯ ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಏರ್ಪಾಡು ಬ್ರಿಟಿಷರ ಕಾಲದಿಂದಲೇ ಬಂದುದು. ತೋಟದ ಒಡೆಯನಿಗೆ ಅಲ್ಲಿ ಸೊಪ್ಪು, ದರಕು, ಹುಲ್ಲು, ಸೌದೆಗಳನ್ನು ತೆಗೆದುಕೊಳ್ಳುವ ಸವಲತ್ತು ಉಂಟು. ಭೂಮಿಯ ಒಡೆತನವು ಸರ್ಕಾರದ್ದು. ಮತ್ತಿ, ಕಿಂದಳ, ಹೊನ್ನೆ, ನಂದಿ ಮೊದಲಾದ ಮರಗಳ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ತೋಟವನ್ನು ಸೇರುವುದು.

ಈ ಏರ್ಪಾಡಿನಲ್ಲಿ ಹಿರಿಯರ ವಿವೇಕವು ಅಡಗಿರುವುದು. ಒಂದು ಎಕರೆಯ ತೋಟವನ್ನು ಸಾಕಲು ಅದರ ಹಲವು ಪಾಲಿನಷ್ಟು ಬೆಟ್ಟವು ಬೇಕೆಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಆದರೆ ತೋಟಗಳು ವಿಸ್ತಾರವಾದುವು, ಮನೆಗಳು ಪಾಲಾದುವು; ಬೆಟ್ಟವು ಮಾತ್ರ ಬೆಳೆಯಲಿಲ್ಲ. ಒಂದೇ ಮರವನ್ನು ವರ್ಷಂಪ್ರತಿ ನೆತ್ತಿಯವರೆಗೂ ಸವರಿದರೆ, ಅದಕ್ಕೆ ಹೂಬಿಟ್ಟು ಬೀಜ ಕಟ್ಟುವ ಶಕ್ತಿ ಉಳಿಯದು. ಬೀಜವಿಲ್ಲದಲ್ಲಿ ಸಸಿ ಎಲ್ಲಿಂದ ಬರಬೇಕು? ತರಗನ್ನು ಪೂರಾ ಗುಡಿಸಿ ಒಯ್ದರೆ ನೆಲವು ಗಟ್ಟಿಯಾಗಿ, ಬಿದ್ದ ಒಂದೆರಡು ಬೀಜಗಳೂ ಬೇರೂರಲಾರವು. ಹೀಗೆ ತೋಟದ ಫಲವತ್ತತೆಯು ಬೆಟ್ಟದ ಬಡತನದಿಂದ ಬಂದುದಾದರೆ, ಆ ಐಶ್ವರ್ಯವು ಒಂದು ತಲೆಮಾರಿನದು ಮಾತ್ರ.

ಅರಣ್ಯವಿದ್ಯೆಯನ್ನು ಕಲಿತವನು ಬೆಟ್ಟವನ್ನು ನೋಡಿ ‘ಸೊಪ್ಪನ್ನು ಕಡಿಯಬೇಡಿ’ ಎಂದು ಹೇಳುವುದಿಲ್ಲ. ಹಾಗೆ ಹೇಳಿದರೆ ತೋಟಗಾರನು ಕೇಳುವುದೂ ಇಲ್ಲ. ಅವನು ಬೆಟ್ಟವನ್ನು ಅಳೆದು, ಸುತ್ತಳತೆಯ ವರ್ಗಗಳನ್ನೂ ಸಸಿಗಳನ್ನೂ ಎಣಿಸಿ, ಸರದಿಯನ್ನು ಗೊತ್ತುಮಾಡುವನು. ಇದರ ಸಾಮಾನ್ಯ ನಿಯಮಗಳು ಹೀಗಿರುವುವು:

(ಅ) ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು ಕಡಿದು, ಮಿಕ್ಕ ಎರಡಕ್ಕೆ ವಿಶ್ರಾಂತಿ ಕೊಡತಕ್ಕದ್ದು.

(ಆ) ಮರದ ಕುಡಿಯನ್ನೂ ಮೇಲಿನ ಮೂರನೆಯ ಒಂದು ಭಾಗದ ಕೊಂಬೆಗಳನ್ನೂ ಮುಟ್ಟಕೂಡದು. ಎಳೆಯ ಮರಗಳನ್ನು ಬಲಿಯುವವರೆಗೆ ಬಿಡತಕ್ಕದ್ದು.

(ಇ) ಪ್ರತಿ ಜಾತಿಯಲ್ಲಿಯೂ ಕೆಲವು ಒಳ್ಳೆಯ ಮರಗಳನ್ನು ಗುರುತುಮಾಡಿ, ಬೀಜಕ್ಕಾಗಿ ಸವರದೆ ಉಳಿಸತಕ್ಕದ್ದು.

(ಈ) ತರಗನ್ನು ಒಂದು ವರ್ಷ ಗುಡಿಸಿದಲ್ಲಿ ಮರುವರ್ಷ ಗುಡಿಸದೆ, ನೆಲಕ್ಕೂ ಅದರ ಪಾಲನ್ನು ಬಿಡತಕ್ಕದ್ದು.

(ಉ) ಸಸಿಗಳು ಎದ್ದ ಪಾಲಿಗೆ, ಅವು ದನದ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ, ಮೇಯಲು ಬಿಡಕೂಡದು.

ಬೆಟ್ಟದಿಂದ ಬೆಟ್ಟಕ್ಕೆ ಮರದ ಜಾತಿಯೂ ಮಣ್ಣೂ ಬೇರೆಯಾದುದರಿಂದ, ಮೂರು ವರ್ಷದ ಸರದಿಯು ಸಾಕೆ, ಐದು ವರ್ಷ ಬೇಕೆ ಎಂಬುದನ್ನು ಅಳತೆಯೇ ಹೇಳಬೇಕು. ನಿಯಮವನ್ನು ಯಾರೂ ಬಾಯಿಪಾಠ ಮಾಡಬಹುದು. ಅದು ಯಾವ ಬೆಟ್ಟಕ್ಕೆ ಎಷ್ಟರಮಟ್ಟಿಗೆ ಒಪ್ಪುವುದೆಂದು ನಿಶ್ಚಯಿಸುವುದಕ್ಕೆ ಶಾಸ್ತ್ರಾಭ್ಯಾಸವು ಬೇಕು.

೫. ಎರಡನೆಯ ನಿದರ್ಶನ: ಬಿಳಿಗಿರಿರಂಗನ ಬೆಟ್ಟ

ಮಲೆನಾಡಿನ ಬೆಟ್ಟದಲ್ಲಿ ಕಾಡಿನ ಶತ್ರುವು ಮಿತಿಮೀರಿದ ಬಳಕೆ. ಆದರೆ ಬಳಕೆಯನ್ನು ನಿಲ್ಲಿಸಿದ ಮಾತ್ರಕ್ಕೆ ಕಾಡು ಉಳಿಯುವುದೆಂದೂ ತಿಳಿಯಬಾರದು. ಇದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು ನಿದರ್ಶನ.

ಈ ಬೆಟ್ಟವು ಸೋಲಿಗರ ನೆಲೆ. ಅವರು ಚಳಿಗಾಲವು ಕಳೆಯುತ್ತಿರುವಾಗ, ತರಗು ಇನ್ನೂ ತೆಳುವಾಗಿರುವಾಗಲೇ, ನೆಲಮಟ್ಟದ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಇದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ೧೯೭೪ರಲ್ಲಿ ಬೆಟ್ಟವು ವನ್ಯಜೀವಿಗಳ ಅಭಯಾರಣ್ಯವಾಯಿತು. ಬೆಂಕಿ ಹಾಕುವುದು ನಿಷಿದ್ಧವಾಯಿತು. ಕಾಡನ್ನು ಕಾಯುವುದೇ ಇದರ ಉದ್ದೇಶವಾಗಿತ್ತು. ಆದರೆ ಕಾಲಕ್ರಮದಲ್ಲಿ ಎರಡು ಪೀಡೆಗಳು ಹೆಚ್ಚಾದುವು. ಒಂದು, ಲಂಟಾನದ ಪೊದೆ. ಅಮೆರಿಕಾ ಖಂಡದ ಈ ಗಿಡವು ೧೯ನೆಯ ಶತಮಾನದ ಆರಂಭದಲ್ಲಿ ಉದ್ಯಾನಗಳ ಶೃಂಗಾರಕ್ಕಾಗಿ ಇಂಡಿಯಾ ದೇಶಕ್ಕೆ ಬಂದು, ಈಗ ಕಾಡುಮೇಡುಗಳನ್ನೆಲ್ಲ ಮುಚ್ಚುತ್ತಿರುವುದು. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೯೭ರಲ್ಲಿಯೂ ೨೦೦೮ರಲ್ಲಿಯೂ ಅವೇ ಸ್ಥಳಗಳನ್ನು ಪರೀಕ್ಷಿಸಿದಾಗ, ಲಂಟಾನವು ಹಬ್ಬಿದ ಸ್ಥಳಗಳು ಹೆಚ್ಚುಕಡಿಮೆ ಎರಡರಷ್ಟಾಗಿದ್ದುವು. ಇನ್ನೊಂದು, ಸೋಲಿಗರು ‘ಉಪ್ಪಿಲು’ ಎಂದು ಕರೆಯುವ ಬದನಿಕೆ. ಇದು ನೆಲ್ಲಿಯ ಮರದ ಕೊಂಬೆಗಳಲ್ಲಿ ಬೇರೂರಿ, ಅದರ ಸಾರವನ್ನು ಹೀರುವುದು.

ನೆಲ್ಲಿಯ ಮರಗಳು ಕಡಿಮೆಯಾಗುತ್ತಿರುವುದನ್ನು ಕಂಡವರು, ಕಾಯಿ ಕೀಳುವವರೇ ಇದಕ್ಕೆ ಕಾರಣವೆಂದು ಹೇಳುವುದು ಸುಲಭ. ಸೋಲಿಗರ ಹಿರಿಯರು ಹೇಳಿದ ಕಾರಣ ಬೇರೆ: ತರಗು ಬೆಂಕಿ ನಿಂತುದರಿಂದ ಉಪ್ಪಿಲೂ ಲಂಟಾನವೂ ಹೆಚ್ಚಿದುವು, ಒಣಗಿದ ಲಂಟಾನಕ್ಕೆ ಕಡುಬೇಸಗೆಯಲ್ಲಿ ಬಿದ್ದ ಬೆಂಕಿಯು ಮರದ ನೆತ್ತಿಗೇರಿ ದೊಡ್ಡ ಮರಗಳನ್ನೇ ಕೊಲ್ಲುತ್ತಿರುವುದು. ಸಂಶೋಧಕರು ವರ್ಷಗಟ್ಟಲೆ ಮರಗಳಿಗೆ ಗುರುತಿನ ಬಿಲ್ಲೆ ಕಟ್ಟಿ ಅಳೆದಾಗ, ಕಾಯಿ ಕೀಳುವುದೊಂದನ್ನೇ ದೂರಿ ಪ್ರಯೋಜನವಿಲ್ಲವೆಂದೂ, ಬದನಿಕೆ ಮತ್ತು ಲಂಟಾನಗಳ ಹಾವಳಿಯು ದೊಡ್ಡದೆಂದೂ ಕಂಡುಬಂದಿತು. ಹಿರಿಯರ ಮಾತು ಲಘುವಾಗಿ ತಳ್ಳಿಹಾಕತಕ್ಕುದಲ್ಲವೆಂಬುದು ಅಳತೆಯಿಂದ ತಿಳಿಯಿತು.

ಇದನ್ನು ಓದಿದ ಗ್ರಾಮಸ್ಥರು ತಮ್ಮ ಕಾಡಿಗೆ ತಾವೇ ಬೆಂಕಿಯಿಡಲು ಹೊರಡಕೂಡದು. ಅದು ಕಾನೂನಿನ ಪ್ರಕಾರ ಅಪರಾಧ. ಅಲ್ಲದೆ ಲಂಟಾನವು ದಟ್ಟವಾಗಿ ಹಬ್ಬಿರುವಲ್ಲಿ ಇಂದು ಹಾಕಿದ ಬೆಂಕಿಯು ಹಿಂದಿನ ತರಗು ಬೆಂಕಿಯಂತೆ ನೆಲದಲ್ಲಿಯೇ ನಿಲ್ಲಲಾರದು. ಈ ನಿದರ್ಶನದಿಂದ ಕಲಿಯತಕ್ಕುದು ಬೇರೊಂದು: ಹಿರಿಯರ ಅನುಭವವನ್ನು ಕೇಳಿ, ಅದನ್ನು ಅಳತೆಯಿಂದ ಪರೀಕ್ಷಿಸಿ, ಎರಡನ್ನೂ ಸೇರಿಸಿ ತೀರ್ಮಾನಕ್ಕೆ ಬರತಕ್ಕದ್ದು.

೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ, ೨೦೦೬ರ ಕಾನೂನಿನ ಮೇರೆಗೆ, ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತುವು. ಈ ಕಾನೂನಿನ ನಿಯಮಗಳಂತೆ, ಇಂತಹ ಹಕ್ಕನ್ನು ಪಡೆದ ಗ್ರಾಮಸಭೆಯು ತನ್ನ ಸಮಿತಿಯ ಮೂಲಕ ಕಾಡಿನ ಸಂರಕ್ಷಣೆಗೂ ನಿರ್ವಹಣೆಗೂ ಯೋಜನೆಯನ್ನು ತಾನೇ ಸಿದ್ಧಮಾಡಬೇಕು. ಹಕ್ಕು ಬಂದಮೇಲೆ ಲೆಕ್ಕವೂ ಊರಿನ ತಲೆಯ ಮೇಲೆ ಬರುವುದು. ಆ ಯೋಜನೆಯನ್ನು ಬರೆಯಬಲ್ಲವರು ಊರಿನಲ್ಲಿ ಇಲ್ಲದಿದ್ದರೆ, ಕಾಡನ್ನೇ ಕಾಣದ ಯಾರೋ ಬರೆದುದಕ್ಕೆ ರುಜು ಹಾಕಬೇಕಾಗುವುದು.

೬. ಶ್ರೀಗಂಧದಿಂದ ತಿಳಿಯುವ ಒಂದು ಮಾತು

ಖಾಸಗಿ ಜಮೀನುಗಳಲ್ಲಿಯೂ ಈ ವಿದ್ಯೆಯ ಉಪಯೋಗವುಂಟು. ಹಿಂದೆ ಶ್ರೀಗಂಧವು ಯಾರ ಜಮೀನಿನಲ್ಲಿ ಹುಟ್ಟಿದರೂ ಸರ್ಕಾರಕ್ಕೆ ಸೇರಿದುದಾಗಿತ್ತು. ಆದುದರಿಂದ ಅದನ್ನು ಬೆಳೆಸಲು ರೈತನಿಗೆ ಉತ್ಸಾಹವಿರಲಿಲ್ಲ. ೨೦೦೧ರ ತಿದ್ದುಪಡಿಯಿಂದ ಜಮೀನಿನ ಒಡೆಯನೇ ಅದರ ಒಡೆಯನಾದನು. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿಯು ಇಂದಿಗೂ ಅವಶ್ಯ. ಅನೇಕರು ಹುರುಪಿನಿಂದ ಸಸಿ ನೆಟ್ಟಿರುವರು. ಆದರೆ ಶ್ರೀಗಂಧವು ಬೇರೆ ಗಿಡಗಳ ಬೇರಿನಿಂದ ಆಹಾರದ ಒಂದು ಭಾಗವನ್ನು ಪಡೆಯತಕ್ಕ ಮರವೆಂಬುದನ್ನು ಅರಿಯದೆ, ಆಶ್ರಯದ ಗಿಡಗಳಿಲ್ಲದೆ ನೆಟ್ಟವರ ಸಸಿಗಳು ಸೊರಗುವುವು. ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ ಸ್ಪೈಕ್ ರೋಗವು ಕಿರಿದಾದ ಎಲೆಗಳನ್ನು ಮುಳ್ಳಿನಂತೆ ನಿಲ್ಲಿಸಿ ಮರವನ್ನೇ ಕೊಲ್ಲುವುದು. ಅದಕ್ಕೆ ಇನ್ನೂ ನಿಶ್ಚಿತವಾದ ಔಷಧವು ದೊರೆತಿಲ್ಲ. ಆ ಔಷಧವನ್ನಾಗಲಿ ರೋಗವನ್ನು ತಡೆದುಕೊಳ್ಳುವ ತಳಿಯನ್ನಾಗಲಿ ಕಂಡುಹಿಡಿಯಬೇಕಾದವರು ಇಂತಹ ವ್ಯಾಸಂಗವನ್ನು ಮಾಡಿದವರೇ.

೭. ವ್ಯಾಸಂಗವು ದೊರೆಯುವ ಸ್ಥಳಗಳು

ಕರ್ನಾಟಕದಲ್ಲಿ ಶಿರಸಿಯ ಅರಣ್ಯ ಮಹಾವಿದ್ಯಾಲಯವು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ, ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಸೇರಿದುವು. ಅರಣ್ಯವಿಜ್ಞಾನದ ಪದವಿಯ ವ್ಯಾಸಂಗವು ನಾಲ್ಕು ವರ್ಷದ್ದು. ಅದರ ಮೇಲಣ ಸ್ನಾತಕೋತ್ತರ ವ್ಯಾಸಂಗವು ಎರಡು ವರ್ಷದ್ದು. ಡೆಹರಾಡೂನಿನ ಅರಣ್ಯ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ, ಮರದ ವಿಜ್ಞಾನ, ಪರಿಸರ ನಿರ್ವಹಣೆ ಮೊದಲಾದ ಶಾಖೆಗಳಿರುವುವು. ವಿಜ್ಞಾನದ ಪದವೀಧರರು ಪ್ರವೇಶಪರೀಕ್ಷೆಯ ಮೂಲಕ ಅಲ್ಲಿಗೆ ಸೇರಬಹುದು. ೧೯೮೨ರಲ್ಲಿ ಸ್ಥಾಪಿತವಾದ ಭೋಪಾಲಿನ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯಲ್ಲಿ ಆಡಳಿತ ಮತ್ತು ಅರ್ಥವಿಚಾರಗಳಿಗೆ ಪ್ರಾಧಾನ್ಯವುಂಟು. ಅಲ್ಲಿಗೆ ಯಾವ ವಿಷಯದಲ್ಲಿ ಪದವಿ ಪಡೆದವರೂ ಅರ್ಹರು.

ಹೊರದೇಶಗಳಲ್ಲಿಯೂ ಈ ವ್ಯಾಸಂಗಕ್ಕೆ ಮನ್ನಣೆಯಿರುವುದು. ೨೧ನೆಯ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್, ಜರ್ಮನಿಯ ಗಾಟಿಂಗನ್, ವೇಲ್ಸಿನ ಬ್ಯಾಂಗರ್, ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯ ಮೊದಲಾದುವು ಕೂಡಿ, ಒಂದು ವರ್ಷ ಒಂದು ದೇಶದಲ್ಲಿಯೂ ಮರುವರ್ಷ ಇನ್ನೊಂದರಲ್ಲಿಯೂ ಕಲಿಯುವ ಜಂಟಿ ವ್ಯಾಸಂಗವನ್ನು ಏರ್ಪಡಿಸಿದ್ದುವು. ಹೊರದೇಶಕ್ಕೆ ಹೋಗಬಯಸುವವರು ಮೊದಲು ವಿದ್ಯಾರ್ಥಿವೇತನವನ್ನು ನಿಶ್ಚಯಮಾಡಿಕೊಳ್ಳುವುದು ಕ್ಷೇಮ. ಜಮೀನನ್ನು ಅಡವಿಟ್ಟು ಕಳುಹಿಸುವುದು ಯಾವ ದೃಷ್ಟಿಯಿಂದಲೂ ಯುಕ್ತವಲ್ಲ.

ಈ ವಿದ್ಯೆಯನ್ನು ಕಲಿತವರೆಲ್ಲರಿಗೂ ಸರ್ಕಾರದ ನೌಕರಿ ದೊರೆಯುವುದೆಂದು ನಂಬಬಾರದು. ಅರಣ್ಯ ಇಲಾಖೆಯ ಹುದ್ದೆಗಳು ಕೆಲವೇ, ಸ್ಪರ್ಧೆಯು ಹೆಚ್ಚು. ಸಂಶೋಧನೆ, ಬೋಧನೆ, ಸಸ್ಯಕ್ಷೇತ್ರ, ಮರದ ಉದ್ಯಮ, ಜಲಾನಯನದ ಕೆಲಸ, ಇವುಗಳಲ್ಲಿಯೂ ಮಾರ್ಗಗಳಿರುವುವು. ಆದರೆ ಹಿಡುವಳಿದಾರನ ಮನೆಯ ಮಗನಿಗಾಗಲಿ ಮಗಳಿಗಾಗಲಿ ಇರುವ ಒಂದು ಅನುಕೂಲವು ಪಟ್ಟಣದವರಿಗಿಲ್ಲ. ಮರವನ್ನು ಹೆಸರು ಹಿಡಿದು ಗುರುತಿಸುವುದನ್ನೂ, ಯಾವ ತಿಂಗಳಲ್ಲಿ ಯಾವುದು ಚಿಗುರುವುದೆಂಬುದನ್ನೂ ಅವರು ಬಾಲ್ಯದಿಂದಲೇ ಬಲ್ಲರು. ಅವರು ಹೊಸದಾಗಿ ಕಲಿಯಬೇಕಾದುದು ಅಳತೆ ಮಾತ್ರ. ಕಲಿತು ಬಂದು ಮನೆಯ ತೋಟವನ್ನೇ ನೋಡಿಕೊಂಡಿದ್ದರೂ, ಆ ವಿದ್ಯೆಯು ವ್ಯರ್ಥವಾಯಿತೆಂದು ಹೇಳಲಾಗದು.

೮. ಗ್ರಾಮಪ್ರಮುಖರು ಮಾಡತಕ್ಕುದು

ಊರಿನಿಂದ ಒಬ್ಬರು ಇಂತಹ ವ್ಯಾಸಂಗಕ್ಕೆ ಹೋಗಿ ಬರುವುದಕ್ಕೆ ಕಾಲ ಹಿಡಿಯುವುದು. ಅದುವರೆಗೆ ಕೈಕಟ್ಟಿ ಕುಳಿತಿರಬೇಕಾದುದಿಲ್ಲ.

ಮೊದಲನೆಯದಾಗಿ, ಮಳೆಗಾಲ ಮುಗಿದ ಮೇಲೆ ಊರಿನ ಹಿರಿಯರು ನಾಲ್ಕು ಜನ ಶಾಲೆಯ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೋ ಗುಂಡುತೋಪಿಗೋ ಹೋಗಿ, ಹಗ್ಗದಿಂದ ಹತ್ತು ಚೌಕಗಳನ್ನು ಹಿಡಿದು, ದೊಡ್ಡ ಮರ, ಎಳೆಯ ಮರ, ಸಸಿ, ಈ ಮೂರನ್ನೂ ಬೇರೆ ಬೇರೆಯಾಗಿ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಚೌಕದ ಮೂಲೆಗಳಿಗೆ ಕಲ್ಲು ನೆಟ್ಟು, ಮೂರು ವರ್ಷಗಳಿಗೊಮ್ಮೆ ಅದೇ ಚೌಕಗಳನ್ನು ಮತ್ತೆ ಎಣಿಸಬೇಕು. ಸಸಿಗಳು ಹೆಚ್ಚಾಗಿದ್ದರೆ ಊರು ಬಡ್ಡಿಯನ್ನು ತಿನ್ನುತ್ತಿರುವುದು. ಕಡಿಮೆಯಾಗಿದ್ದರೆ ಅಸಲನ್ನು ತಿನ್ನುತ್ತಿರುವುದು.

ಎರಡನೆಯದಾಗಿ, ಊರಿನಲ್ಲಿ ಗ್ರಾಮ ಅರಣ್ಯ ಸಮಿತಿಯೋ ಅರಣ್ಯ ಹಕ್ಕು ಸಮಿತಿಯೋ ಇದ್ದರೆ, ಅದರ ಯೋಜನೆಯನ್ನು ತರಿಸಿ ಸಭೆಯಲ್ಲಿ ಓದಿಸಬೇಕು. ಕಾಗದದಲ್ಲಿ ಬರೆದ ಮರಗಳು ನೆಲದಲ್ಲಿ ಇವೆಯೆ ಎಂಬುದನ್ನು ನೋಡಿಬರಬೇಕು.

ಮೂರನೆಯದಾಗಿ, ವಿಜ್ಞಾನವನ್ನು ಓದುತ್ತಿರುವ ಊರಿನ ಹುಡುಗ ಹುಡುಗಿಯರಲ್ಲಿ ಕಾಡಿನ ಮೇಲೆ ಮನಸ್ಸಿರುವವರನ್ನು ಗುರುತಿಸಿ, ಈ ವ್ಯಾಸಂಗದ ವಿಷಯವನ್ನು ಅವರಿಗೂ ಅವರ ತಾಯಿತಂದೆಗಳಿಗೂ ತಿಳಿಸಬೇಕು. ಕಾಡಿನ ಓದು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂಬ ಮಾತನ್ನು ಯಾರೂ ಆಡಬಾರದು. ಸೌದೆ, ಸೊಪ್ಪು, ನೀರುಗಳಿಗಾಗಿ ಬೆಟ್ಟವನ್ನು ಹತ್ತಿ ಇಳಿದವರು ಹೆಂಗಸರೇ. ಅದರ ಸ್ಥಿತಿಯು ಕೆಟ್ಟಾಗ ಮೊದಲು ತಿಳಿದುದೂ ಅವರಿಗೇ.

ನಾಲ್ಕನೆಯದಾಗಿ, ಸಂಶೋಧನೆಗೆಂದು ಅಳತೆಯ ಪಟ್ಟಿ ಹಿಡಿದು ಊರಿಗೆ ಬರುವ ವಿದ್ಯಾರ್ಥಿಗಳನ್ನು ಸಂದೇಹದಿಂದ ನೋಡದೆ, ಹಿರಿಯರೊಡನೆ ಕೂರಿಸಿ ಮಾತನಾಡಿಸಬೇಕು. ಹೋಗುವಾಗ, ಅಳೆದ ಲೆಕ್ಕದ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಊರಿಗೆ ಕೊಡುವಂತೆ ಕೇಳಿ ಪಡೆಯಬೇಕು.

ಹೊಲದಲ್ಲಿ ಮಾಡಿದ ತಪ್ಪು ಒಂದು ಬೆಳೆಯಲ್ಲಿ ಕಾಣಿಸಿಕೊಂಡು ಮರುವರ್ಷಕ್ಕೆ ತಿದ್ದಿಹೋಗಬಹುದು. ಕಾಡಿನಲ್ಲಿ ಮಾಡಿದ ತಪ್ಪು ತಂದೆಯ ಕಾಲದಲ್ಲಿ ಆಗಿ, ಮಗನ ಕಾಲದಲ್ಲಿ ಬೆಳೆದು, ಮೊಮ್ಮಗನ ಕಾಲದಲ್ಲಿ ಕಾಣಿಸುವುದು; ಆಗ ತಿದ್ದುವುದಕ್ಕೆ ಇನ್ನೆರಡು ತಲೆಮಾರು ಬೇಕಾಗುವುದು. ಇದನ್ನು ಕಣ್ಣಿನಿಂದ ಕಾಣುವ ಮೊದಲೇ ಲೆಕ್ಕದಿಂದ ಕಾಣುವ ಶಕ್ತಿಯನ್ನು ಕೊಡುವುದೇ ಈ ವ್ಯಾಸಂಗದ ಪ್ರಯೋಜನ. ಊರಿಗೊಬ್ಬ ವೈದ್ಯ, ಊರಿಗೊಬ್ಬ ಉಪಾಧ್ಯಾಯ ಬೇಕೆಂದು ಗ್ರಾಮಪ್ರಮುಖರು ಪ್ರಯತ್ನಪಡುವಂತೆಯೇ, ಬೆಟ್ಟದ ಲೆಕ್ಕವನ್ನು ಬಲ್ಲವರೊಬ್ಬರು ತಮ್ಮ ಊರಿನವರೇ ಆಗಿರಬೇಕೆಂದು ಪ್ರಯತ್ನಪಡತಕ್ಕದ್ದು.